ನೆಲಕ್ಕೆ ಹಾಸಿದ ಜಿಲ್ಲೆ

ಕೆಡಿಸಿದ್ದು ನಾನೇ. ಬೇರೆ ಯಾರ ಮೇಲಾದರೂ ಹಾಕೋಣವೆಂದು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ, ಯಾರೂ ಸಿಗಲಿಲ್ಲ.

ಹೋದ ವರ್ಷ ಕುಮಟೆಯ ಸ್ನಾತಕೋತ್ತರ ಕೇಂದ್ರದಲ್ಲಿ ನಾವು ಗಣಿತದ ಎಂ.ಎಸ್ಸಿ. ಓದುತ್ತಿದ್ದೆವು. ಪ್ರತಿ ಶನಿವಾರ ಒಬ್ಬ ವಿದ್ಯಾರ್ಥಿ ಎದ್ದು ಒಂದು ವಿಷಯದ ಮೇಲೆ ಮಾತಾಡಬೇಕು. ಕೊನೆಗೆ ಯಾರೂ ಪ್ರಶ್ನೆ ಕೇಳದಿದ್ದರೆ ಸರ್ ಕೇಳುತ್ತಾರೆ; ಸರ್ ಕೇಳಿದರೆ ಕಥೆ ಮುಗಿಯಿತು. ಹಾಗಾಗಿ ಮಾತಾಡುವವರೇ ಮುಂಚಿತವಾಗಿ ಪ್ರಶ್ನೆಗಳನ್ನು ಗೆಳೆಯರಿಗೆ ಹಂಚುತ್ತಿದ್ದರು, ಮದುವೆಮನೆಯಲ್ಲಿ ಬಡಿಸುವ ಕೆಲಸ ಹಂಚಿದ ಹಾಗೆ.

ಭಟ್ಕಳದಿಂದ ಬರುತ್ತಿದ್ದ ಸಹಪಾಠಿಗೆ ಅದು ಎರಡನೇ ಅವಕಾಶ; ಅವಳ ವಿಷಯ, ನಕಾಶೆಯಲ್ಲಿ ಕದಲದೆ ಉಳಿಯುವ ಚುಕ್ಕಿ. ಮೊದಲ ಸಲ ಸರ್ ಕೇಳಿದ ಒಂದೇ ಪ್ರಶ್ನೆಗೆ ಅವಳ ಬಾಯಿ ಕಟ್ಟಿತ್ತು. ಈ ಸಲವೂ ಪಾಸಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ಪಾಲಿಗೆ ಬಂದ ಪ್ರಶ್ನೆ: ನಕಾಶೆ ಹರಿದರೆ ಏನಾಗುತ್ತದೆ?

"ನಿನ್ನ ದನೀಲೇ ಕೇಳು ಮಾರಾಯಾ," ಎಂದಳು. "ಸರ್ ದನಿ ತೆಗ್ದ್ರೆ ನಾ ಅಲ್ಲೇ ಸತ್ತೆ."

ಸರ್ ದನಿಯ ಅಣಕ ನನ್ನ ಖ್ಯಾತಿಯ ಐಟಂ. ಮೂಗಿನಿಂದ ಹೊರಟು, ನಡುವೆ ಒಮ್ಮೆ ಕೆಮ್ಮಿ, "ಅಲ್ಲವೇ?" ಎಂದು ನಿಲ್ಲುವುದು.

"ಆತು," ಎಂದೆ.

ಶನಿವಾರ ಅವಳು ಜಿಲ್ಲೆಯ ದೊಡ್ಡ ನಕಾಶೆಯನ್ನು ನೆಲಕ್ಕೆ ಹಾಸಿದಳು. ಜಿಲ್ಲೆಯೊಳಗೆ ಜಿಲ್ಲೆಯದೇ ನಕಾಶೆಯನ್ನು ಹೇಗೆ ಹಾಸಿದರೂ, ಒಂದು ಚುಕ್ಕಿ ತಾನು ತೋರಿಸುವ ಜಾಗದ ಮೇಲೇ ಕೂತಿರುತ್ತದೆ, ಇಲ್ಲಿ ಅದು ಕುಮಟೆಯದೇ ಚುಕ್ಕಿ, ಎಂದಳು.

"ಅದೆಂತಕ್ಕೆ ಕುಮಟೆಯೇ ಆಗ್ಬೇಕು? ಹೊನ್ನಾವರ ಎಂತ ಪಾಪ ಮಾಡಿದೆ?" ಎಂದು ಹೊನ್ನಾವರದವನೊಬ್ಬ ಎದ್ದು, ನಕಾಶೆಯನ್ನು ತನ್ನೂರಿನ ದಿಕ್ಕಿಗೆ ಎಳೆದ. ಕುಮಟೆಯವರು ಬಿಡುತ್ತಾರೆಯೇ? ಇನ್ನೊಂದು ತುದಿ ಹಿಡಿದರು. ಆ ಚುಕ್ಕಿಯನ್ನು ಕಣ್ಣಾರೆ ನೋಡಲು ಸರ್ ಮಂಡಿಯೂರಿ ಮೇಜಿನ ಹಿಂದೆ ಮರೆಯಾದರು. ಅವಳು ಬೋರ್ಡಿನ ಕಡೆ ತಿರುಗಿದ್ದಳು. ಇಂಥ ಹದ ಮತ್ತೆ ಸಿಕ್ಕೀತೇ?

"ನಕಾಶೆ... ಹುಂ... ಹರಿದರೆ ಏನಾಗುತ್ತದೆ, ಅಲ್ಲವೇ?"

ಅವಳ ಕೈಯ ಸೀಮೆಸುಣ್ಣ ಬಿತ್ತು. ಮೇಜಿನ ಹಿಂದಿನಿಂದ ಸರ್ ತಲೆ ಮೇಲೆ ಬಂತು. "ನಾನು ಕೇಳಿದೆನೇ?"

"ಹೌದು ಸರ್," ಎಂದಿತು ಇಡೀ ತರಗತಿ. ಹಿರಿಯರಿಗೆ ಇಲ್ಲವೆನ್ನುವ ಅಭ್ಯಾಸ ನಮ್ಮಲ್ಲಿಲ್ಲ.

"ಒಳ್ಳೆಯ ಪ್ರಶ್ನೆ," ಎಂದು ಸರ್ ತಮ್ಮನ್ನೇ ಮೆಚ್ಚಿಕೊಂಡು ಉತ್ತರಕ್ಕೆ ಕಾದರು.

ಅವಳು ಬಗ್ಗಿ, ಬಿದ್ದ ಸೀಮೆಸುಣ್ಣವನ್ನು ಹುಡುಕತೊಡಗಿದಳು. ಉತ್ತರ ಬಾಯಿಪಾಠವಿತ್ತು, ಆದರೆ ನನ್ನ ದನಿಗೆ. ಅಷ್ಟರಲ್ಲಿ ಪರ್ರೆಂದು ಸದ್ದಾಯಿತು. ಎರಡೂ ಊರಿನವರ ಎಳೆದಾಟಕ್ಕೆ ನಕಾಶೆ ನಿಜಕ್ಕೂ ಎರಡಾಗಿ ಹರಿದಿತ್ತು.

ಅವಳು ತುಂಡುಗಳನ್ನು ನೋಡಿದಳು. ಬಂದು ಎರಡನ್ನೂ ಕಸಿದುಕೊಂಡಳು.

"ನಕಾಶೆ ಹರಿದದ್ದು ಸರಿಯಾಗಿ ಅದ್ರಲ್ಲಿ ಈ ಕೋಣೆ ಇರೋ ಜಾಗದ ಮೇಲೇ ಅಂದ್ಕೊಳ್ಳಿ ಸರ್. ದಕ್ಷಿಣದ ಹೊನ್ನಾವರದ ತುಂಡನ್ನ ಕೋಣೆಯ ಉತ್ತರಕ್ಕೆ, ಉತ್ತರದ ಕಾರವಾರದ ತುಂಡನ್ನ ದಕ್ಷಿಣಕ್ಕೆ ಇಟ್ಟೆ. ಈಗ ಒಂದು ಚುಕ್ಕಿಯೂ ತನ್ನ ಜಾಗದ ಮೇಲಿಲ್ಲ. ಹರಿಯದೆ ಇದ್ರೆ ಮಾತ್ರ ಖಾತ್ರಿ."

"ಪಾಸು," ಎಂದರು ಸರ್, ಮಂಡಿಯ ಧೂಳು ಕೊಡವುತ್ತ. "ಇನ್ನೇನಾದರೂ ಪ್ರಶ್ನೆ?"

ಬದುಕಿದೆನಲ್ಲ, ಸುಮ್ಮನಿರಬಹುದಿತ್ತು. ಎದ್ದು ನಿಂತೆ. "ಹಂಗಾರೆ ಈ ಕೋಣೇಲಿ ಕದಲದೆ ಇದ್ದದ್ದು ಈಗ ಎಂತದೂ ಇಲ್ವಾ?"

ಅವಳು ನನ್ನ ಕಡೆ ತಿರುಗಿದಳು.

"ಇದೆ. ನಿನ್ನ ತಲೆ. ಮೊದಲ ಸೆಮಿಸ್ಟರಿಂದ ಎಂತ ತುಂಬಿದ್ರೂ ಇದ್ದಲ್ಲೇ ಇದೆ."