ಎರಡನೆಯ ದಾರಿ ಇಟ್ಟವರು

ಅಕ್ಕಾವ್ರ ಬೆರಳ ತುದಿಗಳೆಲ್ಲ ತೊನ್ನಿನಿಂದ ಬೆಳ್ಳಗಾಗಿದ್ದವು. ಆ ಬೆರಳುಗಳಿಂದಲೇ ಅವರು ಕೇಬಲ್ಲಿನ ಬಣ್ಣಬಣ್ಣದ ತಂತಿಗಳನ್ನು ಬಿಡಿಸಿ, ಸಾಲಾಗಿ ಹಿಡಿದು, ಒಂದೇ ಸಲಕ್ಕೆ ಕನೆಕ್ಟರಿಗೆ ಕೂಡಿಸುತ್ತಿದ್ದರು. ಗೋಕಾಕದ ನಮ್ಮ ಕಚೇರಿಯಲ್ಲಿ ಕೆಲವರು ಆ ಕೈಯಿಂದ ಚಹಾ ಇಸಿದುಕೊಳ್ಳುತ್ತಿರಲಿಲ್ಲ. ಅದು ಗೊತ್ತಿದ್ದೂ ಅವರು ದಿನಾ ಮೊದಲ ಕಪ್ಪನ್ನು ಅಂಥವರ ಮುಂದೆಯೇ ಹಿಡಿಯುತ್ತಿದ್ದರು.

ನಮ್ಮದು ಹನಿ ನೀರಾವರಿ ಸಾಮಾನು ಮಾರುವ ಕಂಪನಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಚೇರಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ ಎಂಜಿನಿಯರ್ ಈ ಅಕ್ಕಾವ್ರು. ಮಗಳು ಹುಟ್ಟಿದ ಮೇಲೆ ನಾನು ಕುಲಗೋಡದ ಮನೆಯಿಂದಲೇ ಲೆಕ್ಕ ಬರೆಯುವಂತೆ ಮಾಡಿದವರೂ ಅವರೇ.

“ಮನಿ ರೂಟರಿಗೆ ಎಲ್ಲಾ ದಾರಿ ಗೊತ್ತಿರಬೇಕಂತಿಲ್ಲ ತಂಗಿ. ಮೂಡಲಗಿ ಮುಟ್ಟಿದ್ರ ಸಾಕು. ಮುಂದಿಂದು ಆಫೀಸಿನವು ತಮ್ಮ ತಮ್ಮಾಗ ಮಾತಾಡಿಕೊಂತಾವ” ಎಂದಿದ್ದರು.

ಅದಕ್ಕೆಂದೇ ಕಚೇರಿಗಳ ನಡುವೆ ಓಎಸ್‌ಪಿಎಫ್ ಎಂಬ ಪ್ರೊಟೋಕಾಲ್ ಆರಿಸಿದ್ದರು. ಒಂದು ಕೇಬಲ್ ಕಡಿದರೆ ರೂಟರುಗಳೇ ಒಂದಕ್ಕೊಂದು ತಿಳಿಸಿ ಬೇರೆ ದಾರಿ ಹಿಡಿಯುತ್ತವೆ. ರಸ್ತೆ ಅಗಲ ಮಾಡುವವರು ಗೋಕಾಕ–ಮೂಡಲಗಿ ಕೇಬಲ್ ಕಿತ್ತ ದಿನ ನಮ್ಮ ಕೆಲಸ ಹುಕ್ಕೇರಿ ಸುತ್ತಿಕೊಂಡು ನಡೆಯಿತು. ಸಂಜೆ ಅಕ್ಕಾವ್ರು ಹೇಳಿದಾಗಲೇ ನನಗೆ ಗೊತ್ತಾದದ್ದು. ಉಳಿದವರಿಗೆ ಗೊತ್ತೇ ಆಗಲಿಲ್ಲ. ಅದೇ ಅಕ್ಕಾವ್ರಿಗೆ ಮುಳುವಾಯಿತು.

“ಏನೂ ಕೆಡೂದಿಲ್ಲ ಅಂದ್ರ ಈ ಹೆಣ್ಮಗಳಿಗೆ ಪಗಾರ ಯಾಕ?” ಎಂದರು ಮಾಲಕರು.

ಅಕ್ಕಾವ್ರನ್ನು ತೆಗೆದು ಗುತ್ತಿಗೆದಾರನೊಬ್ಬನನ್ನು ಕರೆಸಿದರು. ಸಣ್ಣ ನೆಟ್‌ವರ್ಕಿಗೆ ಇದೆಲ್ಲ ಯಾಕೆಂದು ಅವನು ಪ್ರೊಟೋಕಾಲ್ ಕಿತ್ತುಹಾಕಿ, ಊರಿಗೊಂದೇ ದಾರಿ ಬರೆದಿಟ್ಟು ಹೋದ. ಅಕ್ಕಾವ್ರು ಹುಕ್ಕೇರಿಯಲ್ಲಿ ತಾಯಿಯ ಮನೆ ಸೇರಿದರು.

ಅದೇ ಕೇಬಲ್ ಮತ್ತೆ ಕಡಿಯಿತು. ನನ್ನಂತೆ ಮನೆಯಿಂದ ಕೆಲಸ ಮಾಡುವವರೆಲ್ಲರ ಸಂಪರ್ಕ ಹೋಯಿತು. ನಾನು ಅಕ್ಕಾವ್ರಿಗೆ ಫೋನ್ ಹಚ್ಚಿದೆ. ಆಗಲೇ ಅವರಿಗೆ ಡಯಾಲಿಸಿಸ್ ನಡೆದಿತ್ತು, ನನಗೆ ಗೊತ್ತಿರಲಿಲ್ಲ.

“ಹುಕ್ಕೇರಿ ಮ್ಯಾಲಿಂದ ಇನ್ನೊಂದು ದಾರಿ ಹಾಕು ಅಂತ ಹೇಳವ್ವಾ ಆ ಗುತ್ತಿಗಿಯವಂಗ. ಆಗಲಿಲ್ಲಂದ್ರ ನಾನ ಬರ್ತೇನಿ” ಎಂದರು.

ಮಾಲಕರಿಗೆ ಹಾಗೆಯೇ ಹೇಳಿದೆ. “ಆ ಹೆಣ್ಮಗಳು ಇನ್ನೂ ಇದರಾಗ ಕೈ ಹಾಕ್ಯಾಳೇನು?” ಎಂದವರು, ಮನೆಯಿಂದ ಮಾಡುವ ಕೆಲಸವನ್ನೇ ಬಂದ್ ಮಾಡಿದರು. ಎಳೆಗೂಸನ್ನು ಬಿಟ್ಟು ದಿನಾ ಗೋಕಾಕದ ಬಸ್ಸು ಹತ್ತಲಾಗದೆ ನಾನು ಕೆಲಸ ಬಿಟ್ಟೆ.

ಆ ವರ್ಷವೇ ಅಕ್ಕಾವ್ರು ತೀರಿಕೊಂಡರು. ಮಣ್ಣಿಗೆ ಮಾಲಕರೂ ಹಾರ ಹಿಡಿದು ಬಂದಿದ್ದರು. ಅಕ್ಕಾವ್ರ ತಾಯಿಯ ಎದುರು ನಿಂತು, “ಭಾಳ ಶಾಂತ ಇದ್ರು ನೋಡ್ರಿ. ಆಫೀಸಿನ್ಯಾಗ ಇದ್ದದ್ದ ಗೊತ್ತಾಗ್ತಿರಲಿಲ್ಲ” ಎಂದರು.

ಮುದುಕಿ ಎದ್ದು ಒಳಗೆ ಹೋದಳು. ಮಾಲಕರು ನನ್ನ ಕಡೆ ತಿರುಗಿ ಕೈಮುಗಿದರು. ನಾನು ಮುಗಿಯಲಿಲ್ಲ.