ಹುಣಸೆಬೀಜದ ಡಬ್ಬಿಯಲ್ಲಿದ್ದ ಸಮುದ್ರದ ದಿನಗಳು

ಈ ಮೂಲಕ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ನಾನು ಹಿಂದೂಪುರದವನು. ದೊಡ್ಡ ಹಡಗುಗಳನ್ನು ಬಂದರಿಗೆ ಎಳೆದು ತರುವ ಟಗ್ ಬೋಟಿನಲ್ಲಿ ಕೆಳದರ್ಜೆಯ ಅಧಿಕಾರಿಯಾಗಿದ್ದೆ. ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲವಾದ್ದರಿಂದ, ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಮೇಲಿನ ದರ್ಜೆಯ ಲೈಸೆನ್ಸಿಗೆ ನಿಗದಿತ ದಿನಗಳ ಸಮುದ್ರಸೇವೆ ತೋರಿಸಬೇಕು. ಬೋಟು ದುರಸ್ತಿಗೆ ನಿಂತ ದಿನಗಳು ಅದರಲ್ಲಿ ಸೇರುವುದಿಲ್ಲ. ಆ ವರ್ಷ ರಜೆಗೆ ಬಂದವನು ಪಡಸಾಲೆಯಲ್ಲಿ ಸೇವಾಪುಸ್ತಕ ಬಿಡಿಸಿಕೊಂಡು ಮೂರು ಸಲ ಕೂಡಿದೆ. ಮೂರು ಸಲವೂ ಹದಿನೆಂಟು ದಿನ ಕಡಿಮೆ ಬಂತು. ಅರ್ಜಿಯ ಕೊನೆಯ ದಿನಕ್ಕೆ ಒಂದು ವಾರ ಉಳಿದಿತ್ತು. ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕಿತ್ತು.

ಎದುರಿಗೆ ಅಮ್ಮ, ಹುಣಸೆ ಮಂಡಿಯಿಂದ ಕೂಲಿಗೆ ತಂದ ಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಏಮ್ರಾ, ಎಷ್ಟು ಸಲ ಅದೇ ಪುಸ್ತಕ ತಿರುವಾಕ್ತೀಯ? ದಿನ ತಾನೆ ಬೇಕಿರೋದು? ನನ್ನತ್ರ ಅವೆ, ಬಾ."

ಹಾಗೆಂದು ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಅದರ ತುಂಬ ಹಳೆ ಸೀರೆಯ ತುಂಡುಗಳಲ್ಲಿ ಕಟ್ಟಿದ ಸಣ್ಣ ಗಂಟುಗಳು. ಕಲ್ಯಾಣದುರ್ಗದ ಅವಳ ತವರಿನಲ್ಲಿ, ಕುರಿ ಹೊಡೆದುಕೊಂಡು ದೂರ ಹೋದವರಿಗಾಗಿ ದಿನಕ್ಕೊಂದು ಬೆಣಚುಕಲ್ಲು ಎತ್ತಿಡುತ್ತಿದ್ದರಂತೆ. ಅಮ್ಮ ನನಗಾಗಿ ದಿನಕ್ಕೊಂದು ಹುಣಸೆಬೀಜ ಎತ್ತಿಟ್ಟು, ನಾನು ಮನೆಗೆ ಬಂದಾಗಲೆಲ್ಲ ಒಂದು ಗಂಟು ಕಟ್ಟಿದ್ದಳು. ಸದರಿ ಸಂಗತಿ ಅಂದಿನವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಒಂದೊಂದೇ ಗಂಟು ಬಿಚ್ಚಿ, ಹೋಗಿಬರುವ ರೈಲಿನ ದಿನಗಳನ್ನು ಕಳೆದು, ಪುಸ್ತಕದೊಂದಿಗೆ ತಾಳೆ ನೋಡಿದೆವು. ನಾಲ್ಕನೆಯ ಗಂಟಿನಲ್ಲಿ ಇಪ್ಪತ್ತೊಂದು ಬೀಜ ಹೆಚ್ಚಿದ್ದವು.

"ಅವು ಬಿಡಮ್ಮ. ಆಗ ಬೋಟು ರಿಪೇರಿಗೆ ನಿಂತಿತ್ತು."

"ನಿಂತಿದ್ರೆ, 'ಬೇರೆ ಬೋಟ್‌ಗೆ ಹಾಕವ್ರೆ, ಇಲ್ಲಿ ಅಡಿಗೆಯೋನು ಸಾರಿಗೆ ಹುಣಸೆಹಣ್ಣೇ ಹಾಕಲ್ಲ' ಅಂತ ಫೋನ್ನಾಗೆ ಅತ್ತೋನು ಯಾರ್ಲಾ? ಎರಡು ಕೆಜಿ ಪಾರ್ಸಲ್ ಮಾಡಿದ್ದು ನಾನಲ್ವೇನ್ಲಾ?"

"ನಾನೇನು ಅಳ್ಲಿಲ್ಲಮ್ಮ."

"ಅತ್ತಿದ್ದೆ ಕಣ್ಲಾ. ಮೂಗು ಸೀಟಿದ್ದು ಇಲ್ಲಿಗೇ ಕೇಳಿಸ್ತು."

ಅವಳು ಹೇಳಿದ್ದು ನಿಜ. ಬದಲಿ ಕೆಲಸಕ್ಕೆಂದು ಬೇರೊಂದು ಟಗ್ಗಿಗೆ ಕಳಿಸಿದ್ದ ಆ ಇಪ್ಪತ್ತೊಂದು ದಿನ ಪುಸ್ತಕಕ್ಕೆ ಏರಿರಲೇ ಇಲ್ಲ. ನಾನೂ ದುರಸ್ತಿಯ ದಿನಗಳೆಂದೇ ಎಣಿಸಿ ಮರೆತುಬಿಟ್ಟಿದ್ದೆ. ಕೂಡಲೇ ಆ ಟಗ್ಗಿನ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಅವರು ಲಾಗ್‌ಬುಕ್ ನೋಡಿ ದೃಢೀಕರಣ ಪತ್ರ ಕಳಿಸಿದರು. ಆ ಹುಣಸೆಹಣ್ಣನ್ನೂ ನೆನೆದರು. ಅರ್ಜಿ ಅವಧಿಯೊಳಗೇ ಸಲ್ಲಿಕೆಯಾಯಿತು.

ಈಗ ಅದೇ ಮೇಲಿನ ದರ್ಜೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಣ್ಣು ಮಂದವಾಗಿ ಅಮ್ಮ ಮಂಡಿಯ ಕೆಲಸ ಬಿಟ್ಟಿದ್ದಾಳೆ. ಪಡಸಾಲೆಯಲ್ಲಿ ಈಗ ಆ ಹುಳಿವಾಸನೆ ಇಲ್ಲ. ಬಂದರಿನಲ್ಲಿ ಒಮ್ಮೊಮ್ಮೆ, ಕಾರಣವಿಲ್ಲದೆ, ಅದು ಮೂಗಿಗೆ ಬಂದಂತಾಗುತ್ತದೆ.

ಅರ್ಜಿಯಲ್ಲಿ ಸೇವಾಪುಸ್ತಕ, ದೃಢೀಕರಣ ಪತ್ರಗಳ ಕೆಳಗೆ 'ಇತರ ದಾಖಲೆಗಳು' ಎಂಬ ಕಾಲಂ ಇತ್ತು. ಅಲ್ಲಿ ನಾನು 'ಇಲ್ಲ' ಎಂದು ಬರೆದಿದ್ದೆ. ಅದು ಪೂರ್ಣ ನಿಜವಲ್ಲವೆಂದು ಈಗ ತಿಳಿಸುತ್ತಿದ್ದೇನೆ.