ಡೆಲ್ಫಾಗೆ ಉಳಿದಿರುವ ಒಂದು ದನಿ

ಬೇಕರ್ಸ್‌ಫೀಲ್ಡ್ ಊರಾಚೆಯ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೆಲ್ಫಾ ಕ್ರೌಸ್ ಆಗಲೇ ಹರಿದ ಗುಡಾರವನ್ನು ತೊಡೆಯ ಮೇಲೆ ಎಳೆದುಕೊಂಡು, ದಬ್ಬಳ ಹಿಡಿದು ಕೂತಿದ್ದಾರೆ. ಅವರ ಕತೆ ಕೇಳಿ ಪತ್ರಿಕೆಗೆ ಬರೆಯಲು ಬಂದ ನಾನು ಎದುರಿಗೆ ಕೂತಿದ್ದೇನೆ.

"ಇದ್ರಲ್ಲಿ ಬಟ್ಟೆಗಿಂತ ಹೊಲಿಗೇನೇ ಜಾಸ್ತಿ ಆಯ್ತಲ್ಲಕ್ಕಾ," ಎಂದು ಅಡುಗೆಯ ಲೆಮ್ಯುಯೆಲ್ ಕಾಫಿ ಕೊಡುತ್ತಾ ರೇಗಿಸುತ್ತಾನೆ.

"ನಿನ್ನ ಕಾಫೀಲಿ ನೀರು ಜಾಸ್ತಿ ಇಲ್ವಾ? ಸುಮ್ನೆ ಹೋಗೋ."

ಊರೂರು ತಿರುಗುವ ಈ ಕಾರ್ನಿವಲ್ಲಿನ ಬಂಡಿಯಲ್ಲೇ ಹುಟ್ಟಿದವರು ಡೆಲ್ಫಾ. ಗಂಡ ಆರಿನ್ ಗುಡಾರದ ಮೇಸ್ತ್ರಿಯಾಗಿದ್ದರು. ಕಳೆದ ಬೇಸಿಗೆಯಲ್ಲಿ ಹಾಲಿವುಡ್‌ನವರು ಮಾತಿನ ಸಿನಿಮಾ ತೆಗೆಯಲು ಇಡೀ ಕಾರ್ನಿವಲ್ಲನ್ನೇ ಬಾಡಿಗೆಗೆ ಹಿಡಿದರು. ಇಲ್ಲಿನವರಿಗೆ ಒಂದು ಕೂಗುಂಟು, 'ಹೇ ರೂಬ್'. ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಕೂಗುವುದು. ಕೇಳಿದವರು ಕೈಯಲ್ಲಿದ್ದುದನ್ನು ಬಿಸಾಡಿ ನೆರವಿಗೆ ಓಡಬೇಕು. ನಿರ್ದೇಶಕನಿಗೆ ಆ ಕೂಗೇ ಬೇಕಾಯಿತು. ತಮಾಷೆಗೆ ಕೂಗುವಂತಿಲ್ಲ ಎಂದು ಆರಿನ್ ಮೊದಲು ಒಪ್ಪಲಿಲ್ಲ. ಆಮೇಲೆ ಒತ್ತಾಯಕ್ಕೆ ನಗುತ್ತಲೇ ಕೂಗಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಕೂಗಿಸಿದರು.

ಊಟದ ಹೊತ್ತಿಗೆ ಗುಡಾರದ ನಡುಗಂಬ ಜಾರಿ ಆರಿನ್ ಎದೆಯ ಮೇಲೆ ಬಿತ್ತು. ಅವರು ಕೂಗಿದರು. ಚಿತ್ರೀಕರಣವೆಂದೇ ತಿಳಿದು ಯಾರೂ ನೆರವಿಗೆ ಓಡಲಿಲ್ಲ. ಆರಿನ್ ಅಲ್ಲೇ ತೀರಿಕೊಂಡರು.

"ನಾನೂ ಹೊಲೀತಾ ಕೂತಿದ್ದೆ. ಈ ಸಲ ಎಷ್ಟು ಚೆನ್ನಾಗಿ ಕೂಗ್ದ ಅಂದ್ಕೊಂಡೆ," ಎನ್ನುತ್ತಾರೆ ಡೆಲ್ಫಾ. ದಬ್ಬಳ ನಿಲ್ಲುವುದಿಲ್ಲ.

ಈಗ ಸಿನಿಮಾ ಬಂದಿದೆ. ಪತ್ರಿಕೆಗಳು ನಾಯಕಿಯ ಕಣ್ಣೀರನ್ನು ಬಾಯ್ತುಂಬ ಹೊಗಳಿವೆ. ಓದಿ ನನಗೆ ಮೈಯೆಲ್ಲ ಉರಿಯಿತು. ಆರಿನ್ ಹೆಸರು ಎಲ್ಲೂ ಇಲ್ಲ, ಮುಖವೂ ಕಾಣುವುದಿಲ್ಲ. ಇರುವುದು ಬೆಳಿಗ್ಗೆ ನಗುತ್ತಾ ಕೂಗಿದ ಆ ದನಿ ಮಾತ್ರ. ಬದುಕೆಲ್ಲ ಬಂಡಿಯ ಮೇಲೆಯೇ ಕಳೆದ ಡೆಲ್ಫಾ ಬಳಿ ಗಂಡನ ಒಂದು ಫೋಟೋ ಕೂಡ ಇಲ್ಲ. ಜನ ಬರುತ್ತಿಲ್ಲವೆಂದು ಇಲ್ಲಿನ ಚಿತ್ರಮಂದಿರದವರು ನಾಳೆಯಿಂದ ಸಿನಿಮಾ ತೋರಿಸುವುದನ್ನು ನಿಲ್ಲಿಸುತ್ತಿದ್ದಾರೆ. ಮತ್ತೆ ಯಾವ ಊರಲ್ಲಿ ಸಿಗುತ್ತದೋ, ಸಿಗುತ್ತದೋ ಇಲ್ಲವೋ.

"ಇನ್ನೊಂದು ಸಲ ಕೇಳಿಸ್ಕೊಂಡು ಬರ್ತೀನಿ," ಎಂದು ಡೆಲ್ಫಾ ಮಧ್ಯಾಹ್ನದ ಆಟಕ್ಕೆ ಹೊರಡುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ.

ಕೂಗು ಕೇಳಿದೊಡನೆ ಅವರು ಎದ್ದು ನಿಲ್ಲುತ್ತಾರೆ.

"ಕೂತ್ಕೊಳ್ಳಮ್ಮಾ, ಏನೂ ಕಾಣಿಸ್ತಿಲ್ಲ," ಎಂದು ಹಿಂದಿನಿಂದ ಯಾರೋ ಗದರುತ್ತಾರೆ. ಡೆಲ್ಫಾ ಕೂರುವುದಿಲ್ಲ. ಮುಂದಿನ ಕುರ್ಚಿ ಹಿಡಿದು, ಆ ದೃಶ್ಯ ಮುಗಿಯುವವರೆಗೂ ನಿಂತೇ ಇರುತ್ತಾರೆ.

ಹೊರಗೆ ಬಂದ ಮೇಲೆ, ಯಾಕೆ ಎದ್ದಿರಿ ಎಂದು ಕೇಳುತ್ತೇನೆ.

"ಅವನು ಕೂಗಿದ್ರೆ ಏಳ್ಬೇಕಲ್ಲಪ್ಪ," ಎನ್ನುತ್ತಾರೆ. "ಆವತ್ತು ನಾನು ಏಳಲಿಲ್ಲ."